ಪ್ರತಿ: ಮಕ್ಕಳಿಲ್ಲದವರೂ ಸ್ಕೂಲ್ ಟ್ಯಾಕ್ಸ್ ಕಟ್ಟಬೇಕಾ?
ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮನೆ ಕೊಂಡಿದ್ದೀರಿ, ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸೋ ಸಂಸ್ಥೆ) ಸಾಲೇ ಎಲ್ಲಕ್ಕಿಂತ ದೊಡ್ಡದು, ಮಕ್ಕಳಿಲ್ಲದ ನಾವ್ಯಾಕೆ ಕಟ್ಟಬೇಕು ಅಂತ ಕೇಳಿದ್ದೀರಿ. ಮೊದಲ ಬಿಲ್ ನೋಡಿ ನಾನೂ ಹೀಗೇ ಬೆಚ್ಚಿದ್ದೆ.

ನಮ್ಮೂರಲ್ಲಿ ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಶಾಲೆಯ ಭಾರ ಬಹುಪಾಲು ಮನೆ, ಜಮೀನಿನ ಮೇಲೇ ಬೀಳುತ್ತೆ. ಮಕ್ಕಳಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಈ ಸ್ಕೂಲ್ ಟ್ಯಾಕ್ಸ್ ದರದಲ್ಲಿ ಎರಡು ಭಾಗ, ಬಿಡಿಸಿ ನೋಡಿ: ಎಂ ಅಂಡ್ ಓ ಅಂದರೆ ಸಂಬಳ, ಕರೆಂಟು, ಬಸ್ಸು, ಐ ಅಂಡ್ ಎಸ್ ಅಂದರೆ ಕಟ್ಟಡಕ್ಕೆ ಎತ್ತಿದ ಬಾಂಡ್ ಸಾಲದ ಕಂತು.

ತಮಾಷೆ ಏನೆಂದರೆ, ನೀವು ಕಟ್ಟಿದ್ದೆಲ್ಲ ಆಸ್ಟಿನ್ ಶಾಲೆಗಳಿಗೇ ಹೋಗಲ್ಲ. 1993ರಿಂದ ‘ರಾಬಿನ್ ಹುಡ್’ ಅಂತ ಒಂದು ಏರ್ಪಾಟಿದೆ: ಆಸ್ತಿ ಬೆಲೆ ಜಾಸ್ತಿ ಇರೋ ಡಿಸ್ಟ್ರಿಕ್ಟ್‌ಗಳು ಎಂ ಅಂಡ್ ಓ ಹಣದಲ್ಲಿ ಒಂದು ಪಾಲನ್ನು ರಾಜ್ಯಕ್ಕೆ ಒಪ್ಪಿಸಬೇಕು. ಹಾಗೆ ಕೊಡೋದರಲ್ಲಿ ಆಸ್ಟಿನ್ ಐಎಸ್‌ಡಿ (ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್) ಹೆಸರುವಾಸಿ!

ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಪಾಲು ಚಿಕ್ಕದು, ದೇಶದಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರ ಆಸುಪಾಸು. ಟೈಟಲ್ ಒನ್ (ಬಡ ಮಕ್ಕಳು ಹೆಚ್ಚಿರೋ ಶಾಲೆಗಳಿಗೆ ನೆರವು), ವಿಶೇಷ ಶಿಕ್ಷಣ, ಮಧ್ಯಾಹ್ನದ ಊಟ, ಇಂಥವಕ್ಕೆ.

ಹೋಮ್‌ಸ್ಟೆಡ್ ವಿನಾಯಿತಿಗೆ (ತಾವೇ ವಾಸಿಸೋ ಮನೆಗೆ ಸಿಗೋ ತೆರಿಗೆ ರಿಯಾಯಿತಿ) ಅರ್ಜಿ ಹಾಕಿದ್ದೀರಾ? ಅದರ ದೊಡ್ಡ ಲಾಭ ಇರೋದೇ ಈ ಸಾಲಿನಲ್ಲಿ. ಅಪ್ರೈಸಲ್ ಡಿಸ್ಟ್ರಿಕ್ಟ್‌ನಲ್ಲಿ (ಆಸ್ತಿಗೆ ಬೆಲೆ ಕಟ್ಟೋ ಕಚೇರಿ) ಅರ್ಜಿ ಪುಕ್ಕಟೆ. ಅರ್ಜಿ ಹಾಕಿಕೊಡ್ತೀವಿ ಅಂತ ದುಡ್ಡು ಕೇಳಿ ಬರೋ ಕಾಗದಗಳನ್ನು ಕಸದಬುಟ್ಟಿಗೆ ಹಾಕಿ.