ಆರಾಧನೆಗೆ ಗಿಟಾರ್: ಮೊದಲು ಬಲಗೈ ಪಳಗಲಿ

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ನಮ್ಮ ಸಭೆಯಲ್ಲಿ ಗಿಟಾರ್ ನುಡಿಸುತ್ತಿದ್ದ ಅಣ್ಣ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರು. ಈಗ ಎಲ್ಲರೂ ನೀನೇ ನುಡಿಸು ಅಂತಿದ್ದಾರೆ. ಯೂಟ್ಯೂಬ್ ನೋಡಿ ಜಿ, ಸಿ, ಡಿ, ಇ ಮೈನರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಕಲಿತಿದ್ದೇನೆ. ಆದರೆ ಕಾರ್ಡ್ ಬದಲಿಸುವಾಗ ತಾಳ ತಪ್ಪುತ್ತೆ, ಎಫ್ ಹಿಡಿಯೋಕೆ ಆಗಲ್ಲ, ಹಾಡುವವರು ಸ್ಕೇಲ್ (ಶ್ರುತಿ) ಬದಲಿಸಿದರೆ ಕೈ ನಿಂತೇಬಿಡುತ್ತೆ. ಏನು ಮಾಡಲಿ?
– ಓದುಗ, ಹಾಸನ

ಉತ್ತರ: ಶುರು ಮಾಡೋಕೆ ಆ ನಾಲ್ಕು ಕಾರ್ಡ್ ಸಾಕು. ಚರ್ಚ್‌ನಲ್ಲಿ ಗಿಟಾರ್ ಇರುವುದು ಜನ ಹಾಡಲಿ ಅಂತ. ಒಂದು ಕಾರ್ಡ್ ತಪ್ಪಿದರೆ ಯಾರೋ ಒಬ್ಬಿಬ್ಬರಿಗೆ ಗೊತ್ತಾಗುತ್ತದೆ. ತಾಳ ನಿಂತರೆ ಇಡೀ ಸಭೆ ತಡವರಿಸುತ್ತದೆ. ಹಾಗಾಗಿ ಸದ್ಯಕ್ಕೆ ಎಡಗೈ ಚಿಂತೆ ಬಿಡಿ, ಬಲಗೈ ನೋಡಿಕೊಳ್ಳಿ. ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ತೋರಿಸುವ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟು ಒಂದೊಂದು ಕಾರ್ಡ್‌ಗೆ ನಾಲ್ಕು ಎಣಿಕೆ, ಬರೀ ಕೆಳಮುಖ ಹೊಡೆತ. ಬೆರಳು ಸಮಯಕ್ಕೆ ತಲುಪದಿದ್ದರೂ ಬಲಗೈ ನಿಲ್ಲಿಸಬೇಡಿ. ಖಾಲಿ ತಂತಿ ಸದ್ದು ಮಾಡಿದರೂ ಪರವಾಗಿಲ್ಲ. ಮನೆಯಲ್ಲಿ ಈ ಅಭ್ಯಾಸ ಬೇಸರ ಬರಿಸುತ್ತದೆ, ಆದರೂ ಮಾಡಿ. ಚೆನ್ನಾಗಿ ನುಡಿಸಿ ಅಂತ ಕೀರ್ತನೆಗಳು 33:3 ಕೂಡ ಹೇಳುತ್ತದೆ ಅಲ್ವಾ?

ಎಡಗೈಗೆ ಆರಾಧನಾ ತಂಡಗಳಲ್ಲಿ ತುಂಬ ಜನ ಬಳಸುವ ಒಂದು ಉಪಾಯವಿದೆ. ಉಂಗುರ ಬೆರಳು ಎರಡನೇ ತಂತಿಯ ಮೂರನೇ ಫ್ರೆಟ್ (ಗಿಟಾರ್ ಕತ್ತಿನ ಲೋಹದ ಪಟ್ಟಿಗಳ ನಡುವಿನ ಮನೆ) ಮೇಲೆ, ಕಿರುಬೆರಳು ಒಂದನೇ ತಂತಿಯ (ಅತಿ ತೆಳುವಾದದ್ದು) ಮೂರನೇ ಫ್ರೆಟ್ ಮೇಲೆ. ಇವೆರಡನ್ನೂ ಎತ್ತಲೇಬೇಡಿ. ನಡುಬೆರಳು ಆರನೇ ತಂತಿಯ ಮೂರನೇ ಫ್ರೆಟ್, ತೋರುಬೆರಳು ಐದನೇ ತಂತಿಯ ಎರಡನೇ ಫ್ರೆಟ್ ಹಿಡಿದರೆ ಜಿ. ಈ ಎರಡೂ ಬೆರಳನ್ನು ಪಕ್ಕದ ತೆಳು ತಂತಿಗೆ ಸರಿಸಿ, ಆರನೇ ತಂತಿ ಬಿಟ್ಟು ನುಡಿಸಿ. ಸಿ ಸಿಗುತ್ತದೆ, ಸರಿಯಾದ ಹೆಸರು ಸಿ ಆಡ್ 9. ಐದನೇ ಮತ್ತು ನಾಲ್ಕನೇ ತಂತಿಗಳ ಎರಡನೇ ಫ್ರೆಟ್ ಹಿಡಿದರೆ ಇ ಮೈನರ್ ಬದಲಿಗೆ ಇ ಮೈನರ್ 7. ನಡುಬೆರಳು ಎತ್ತಿ, ತೋರುಬೆರಳು ಮೂರನೇ ತಂತಿಯ ಎರಡನೇ ಫ್ರೆಟ್‌ಗೆ ಬಂದು, ದಪ್ಪನೆಯ ಎರಡು ತಂತಿ ಬಿಟ್ಟರೆ ಡಿ ಬದಲಿಗೆ ಡಿ ಸಸ್ 4. ಅರ್ಧದಷ್ಟು ಬೆರಳು ಅಲುಗುವುದೇ ಇಲ್ಲವಾದ್ದರಿಂದ ತಾಳ ತಪ್ಪುವುದು ಬಹಳ ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ. ಹಾಡಿನ ಸ್ವರ ಜಿ ಸ್ಕೇಲ್‌ನ 'ನಿ' ಮೇಲೆ ನಿಂತಾಗ ಡಿ ಸಸ್ 4 ಹೊಂದುವುದಿಲ್ಲ, ಕಿವಿಗೆ ಚುಚ್ಚುತ್ತದೆ. ಅಲ್ಲಿ ಮಾಮೂಲಿ ಡಿ ಹಿಡಿಯಿರಿ.

ಈ ಹಿಡಿತ ಹೊಸ ಕಾಲದ ಹಾಡುಗಳಿಗೆ ಒಪ್ಪುತ್ತದೆ. ಆದರೆ ನಮ್ಮ ಸಭೆಗಳಲ್ಲಿ ಹಾಡುವುದೆಲ್ಲ ಅಂಥದ್ದೇ ಅಲ್ಲ. 1834ರಲ್ಲಿ ಬಾಸೆಲ್ ಮಿಷನ್ (ಜರ್ಮನ್ ಮಾತಾಡುವ ಮಿಷನರಿಗಳ ಸಂಸ್ಥೆ) ಮಂಗಳೂರಿಗೆ ಬಂದ ಮೇಲೆ ಎಷ್ಟೋ ಜರ್ಮನ್ ರಾಗಗಳು ಕನ್ನಡದ ಮಾತು ತೊಟ್ಟುಕೊಂಡವು. ಅಂಥ ಹಳೆಯ ಹಾಡುಗಳಲ್ಲಿ ಹೆಚ್ಚುಕಮ್ಮಿ ಪ್ರತಿ ಎಣಿಕೆಗೂ ಕಾರ್ಡ್ ಬದಲಾಗುತ್ತದೆ. ಅಷ್ಟನ್ನೂ ಗಿಟಾರ್‌ನಲ್ಲಿ ಹಿಡಿಯಲು ಹೋಗಬೇಡಿ. ಆರ್ಗನ್ ಅಥವಾ ಕೀಬೋರ್ಡ್ ಇದ್ದರೆ ಅದಕ್ಕೇ ಬಿಟ್ಟು, ಪ್ರತಿ ಆವರ್ತದ ಮೊದಲ ಎಣಿಕೆಗೆ ಮಾತ್ರ ಮೆಲ್ಲಗೆ ನುಡಿಸಿ. ಇನ್ನು ತಬಲಾ, ಢೋಲಕ್ ಜೊತೆ ಹಾಡುವ ದೇಸಿ ಧಾಟಿಯ ಭಜನೆಗಳು. ಇವುಗಳಲ್ಲಿ ಮೈನರ್ ಧಾಟಿ ಜಾಸ್ತಿ. ಎ ಮೈನರ್, ಡಿ ಮೈನರ್ ಜೊತೆಗೆ ಹೆಚ್ಚಿನ ಕಡೆ ಇ ಮೇಜರ್ ಬೇಕು. ಅಭ್ಯಾಸಬಲದಿಂದ ಇ ಮೈನರ್ ಹಿಡಿದರೆ ಭಜನೆಯ ಕಳೆಯೇ ಹೋಗುತ್ತದೆ. ಆರು ಎಣಿಕೆಯ ದಾದ್ರಾ ಇದ್ದರೆ ಒಂದು ಮತ್ತು ನಾಲ್ಕನೇ ಎಣಿಕೆಗೆ ಒತ್ತು ಕೊಡಿ. ಢೋಲಕ್ ಜೋರಾದಾಗ ನೀವು ತಗ್ಗಿಸಿ.

ಎಫ್ ನಿಧಾನಕ್ಕೆ ಬರುತ್ತದೆ. ಅಲ್ಲಿಯವರೆಗೆ ಕೇಪೊ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಬಳಸಿ, ಅದರಲ್ಲಿ ಸಂಕೋಚ ಬೇಡ. ಸಿ ಸ್ಕೇಲ್ ಹಾಡಿಗೆ ಐದನೇ ಫ್ರೆಟ್‌ಗೆ ಕೇಪೊ ಹಾಕಿ ಜಿ ಹಿಡಿತದಲ್ಲೇ ನುಡಿಸಿ. ಎಫ್ ಬರುವ ಜಾಗದಲ್ಲಿ ಸಿ ಹಿಡಿತ ಸಾಕು.

ಸ್ಕೇಲ್ ಬದಲಾದರೆ ಕೈ ನಿಲ್ಲುವುದು ಕಾರ್ಡ್‌ಗಳನ್ನು ಹೆಸರಿನಿಂದ ಬಾಯಿಪಾಠ ಮಾಡಿರುವುದಕ್ಕೆ. ಬದಲಿಗೆ ಸ್ಕೇಲ್‌ನ ಎಷ್ಟನೇ ಸ್ವರದ ಕಾರ್ಡ್ ಅಂತ ನೋಡಿ 1, 4, 5, 6 ಅಂತ ನೆನಪಿಡಿ. ಜಿ ಸ್ಕೇಲ್‌ನಲ್ಲಿ ಅವು ಜಿ, ಸಿ, ಡಿ, ಇ ಮೈನರ್. ಡಿ ಸ್ಕೇಲ್‌ನಲ್ಲಿ ಡಿ, ಜಿ, ಎ, ಬಿ ಮೈನರ್. ಇನ್ನೊಂದು ಮಾತು: ಸ್ಕೇಲ್ ಆರಿಸುವಾಗ ಮುಂದೆ ನಿಂತು ಹಾಡುವವರ ಗಂಟಲನ್ನಷ್ಟೇ ನೋಡಬೇಡಿ. ಹಾಡಿನ ಅತಿ ಎತ್ತರದ ಸ್ವರ ಡಿ ಅಥವಾ ಇ ದಾಟದಿರಲಿ. ದಾಟಿದರೆ ಹಿಂದಿನ ಬೆಂಚಿನ ಅಜ್ಜ ಅಜ್ಜಿಯರು ಸುಮ್ಮನಾಗುತ್ತಾರೆ. ಶನಿವಾರವೇ ಹಾಡುವವರ ಜೊತೆ ಕೂತು ಸ್ಕೇಲ್ ಗೊತ್ತುಮಾಡಿಕೊಂಡು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಸಂಡೇ ಸ್ಕೂಲ್ ಹಾಡುಗಳಿಗೆ ಗಿಟಾರ್ ನುಡಿಸುವಾಸೆ. ಆದರೆ ಅವರಪ್ಪನ ಗಿಟಾರ್ ಹಿಡಿದರೆ ಬೆರಳು ನೋವು ಅಂತಾಳೆ.
– ಓದುಗರು, ಉಡುಪಿ

ಉತ್ತರ: ಉಕ್ಕಿನ ತಂತಿ, ದೊಡ್ಡ ಗಿಟಾರ್ ಆದರೆ ಆ ವಯಸ್ಸಿಗೆ ನೋವು ಸಹಜ. ಮುಕ್ಕಾಲು ಅಳತೆಯ, ನೈಲಾನ್ ತಂತಿಯ ಗಿಟಾರ್ ಕೊಡಿಸಿ. ಮೊದಲು ತೆಳುವಾದ ಮೂರು ತಂತಿ ಮಾತ್ರ ನುಡಿಸಲಿ. ಏನೂ ಹಿಡಿಯದಿದ್ದರೆ ಅದೇ ಇ ಮೈನರ್. ಒಂದನೇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಜಿ. ಅದನ್ನು ಬಿಟ್ಟು ಎರಡನೇ ತಂತಿಯ ಒಂದನೇ ಫ್ರೆಟ್ ಒತ್ತಿದರೆ ಸಿ. ದಿನಕ್ಕೆ ಹತ್ತು ನಿಮಿಷ ಸಾಕು. ನೋವಾದರೆ ಅಲ್ಲಿಗೇ ನಿಲ್ಲಿಸಲಿ.