ಒರೆಗಲ್ಲಿಗೆ ಕೊಡುವ ಮುನ್ನ

“ಹಾಂಗ್‌ಕಾಂಗ್‌ನಲ್ಲಿ ನೌಕರಿಯಲ್ಲಿದ್ದ ಸೋದರಮಾವ ಕೊಟ್ಟ ಸಾವಿರ ಡಾಲರಿನ ಚಿನ್ನದ ನಾಣ್ಯ ಲಾಕರಿನಲ್ಲಿದೆ. 1997ರ ಹಸ್ತಾಂತರದ ನೆನಪಿನದು. ಯಾರದೋ ರಾಜಕೀಯದ ಬಿಲ್ಲೆ ನಮಗೇಕೆ? ಕರಗಿಸಿ ಮಗಳಿಗೆ ಬಳೆ ಮಾಡಿಸಲೇ?”
– ಓದುಗರೊಬ್ಬರು, ಧಾರವಾಡ

ಚಿನ್ನ ನಿಮ್ಮದು, ಬೇಡವೆನ್ನಲು ನಾವ್ಯಾರು? 15.97 ಗ್ರಾಂ ತೂಗುವ ಆ 22 ಕ್ಯಾರೆಟ್ ಬಿಲ್ಲೆಯಲ್ಲಿ ಅಪ್ಪಟ ಚಿನ್ನವೇ ಸುಮಾರು 14.6 ಗ್ರಾಂ ಇದೆ. ಬಳೆಗೆ ಧಾರಾಳ.

ಆದರೆ ‘ಯಾರದೋ ರಾಜಕೀಯ’ ಎಂದಿರಲ್ಲ, ತಕರಾರು ಅಲ್ಲಿ. ರಾಜಕೀಯವಿಲ್ಲದ ನಾಣ್ಯ ಯಾವುದಿದೆ ಸ್ವಾಮಿ? 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಅಲ್ಲಿನ ಚಿನ್ನದ ನಾಣ್ಯವಾದ ಇಕ್ಕೇರಿ ವರಾಹದ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನಷ್ಟೇ ಒತ್ತಿಸಿದ. ಸಂತೆಯವರು ಹೊನ್ನನ್ನು ಅನುಮಾನಿಸಬಾರದಲ್ಲ! ಹಾಂಗ್‌ಕಾಂಗ್‌ನಲ್ಲೂ ಅಷ್ಟೇ ಸದ್ದಿಲ್ಲದೆ ಕೆಲಸ ಆಯಿತು. ದ್ವೀಪವನ್ನು 1842ರಲ್ಲಿ, ಕೌಲೂನನ್ನು 1860ರಲ್ಲಿ ಚೀನಾ ಬ್ರಿಟನ್ನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿತ್ತು. 1898ರ 99 ವರ್ಷದ ಗೇಣಿ ಅದರಾಚೆಯ ನ್ಯೂ ಟೆರಿಟರೀಸ್ ಎಂಬ ಪ್ರದೇಶಕ್ಕೆ ಮಾತ್ರ. ಆದರೂ 1984ರ ಒಪ್ಪಂದದಲ್ಲಿ ಮೂರನ್ನೂ ಒಟ್ಟಿಗೆ ಚೀನಾಕ್ಕೆ ಮರಳಿಸಲು ಬ್ರಿಟನ್ ಒಪ್ಪಿತು. 1993ರಿಂದಲೇ ಚಿಲ್ಲರೆ ನಾಣ್ಯಗಳಲ್ಲಿ ರಾಣಿಯ ಮುಖ ಮಾಯವಾಗಿ ಬಾಹಿನಿಯಾ ಹೂ, ನಮ್ಮ ಮಂದಾರದ ಬಳಗದ್ದು, ಬಂದು ಕೂತಿತು. ಬ್ರಿಟನ್ನಿನ ಬಾವುಟ ಇಳಿದದ್ದು ಆಮೇಲೆ, 1997ರಲ್ಲಿ. ಬೀಜಿಂಗ್ 1995, 96, 97ರಲ್ಲಿ ಮೂರು ಕಂತಾಗಿ ತನ್ನದೇ ಚಿನ್ನದ ನಾಣ್ಯ ತಂದಿತು, ಯುವಾನ್ ಲೆಕ್ಕದಲ್ಲಿ. ನಿಮ್ಮದರ ಮುಖಬೆಲೆ ಮಾತ್ರ ಹಾಂಗ್‌ಕಾಂಗ್ ಡಾಲರಿನಲ್ಲಿ. ‘ಒಂದು ದೇಶ, ಎರಡು ವ್ಯವಸ್ಥೆ’, ಅಂದರೆ ಚೀನಾದೊಳಗಿದ್ದರೂ ಹಾಂಗ್‌ಕಾಂಗ್‌ಗೆ ತನ್ನದೇ ಕಾನೂನು, ತನ್ನದೇ ಹಣ ಎಂಬ ಮಾತು ಚಿನ್ನದಲ್ಲಿ ಮೂಡಿ ನಿಮ್ಮ ಲಾಕರಿನಲ್ಲಿ ಕೂತಿದೆ.

ಅಸಲಿಯೋ ನಕಲಿಯೋ ತಿಳಿಯಲು ಒರೆಗಲ್ಲು ಬೇಡ. ವ್ಯಾಸ 28.4 ಮಿ.ಮೀ. ಇರಬೇಕು. 0.01 ಗ್ರಾಂ ತೋರುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ನೂಲಿನಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಮುಳುಗಿಸಿ. ತಕ್ಕಡಿ ಈಗ ತೋರುವುದು ನಾಣ್ಯ ಸರಿಸಿದ ನೀರಿನ ತೂಕ; ಅದು 0.9 ಗ್ರಾಂ ಆಸುಪಾಸು ಬಂದರೆ ಸರಿ, 1.4 ದಾಟಿದರೆ ಒಳಗೆ ಸೀಸವೋ ಬೆಳ್ಳಿಯೋ ಇದ್ದೀತು. ಗಾಳಿಗುಳ್ಳೆ ಅಂಟಿದ್ದರೂ ಅಂಕಿ ಏರುತ್ತದೆ, ಅಲುಗಾಡಿಸಿ ಬಿಡಿಸಿ. ಸಂಗ್ರಹಕ್ಕೆಂದೇ ಟಂಕಿಸಿದ, ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯವಾದರೆ ಈ ಪರೀಕ್ಷೆಯೂ ಬೇಡ, ನೀರಿನ ಕಲೆ ಉಳಿಯುತ್ತದೆ. ಡಬ್ಬಿಯಿಂದ ತೆಗೆಯದೆ ವ್ಯಾಪಾರಿಗೆ ತೋರಿಸಿ. ಪಿವಿಸಿ ಎಂಬ ಮೆದು ಪ್ಲಾಸ್ಟಿಕ್ಕಿನ ಕವರಿನಲ್ಲಂತೂ ಇಡಬೇಡಿ; ಅದು ಬಿಡುವ ಆಮ್ಲ ಮಿಶ್ರಲೋಹದ ತಾಮ್ರಕ್ಕೆ ತಾಗಿ ಹಸಿರು ಜಿಡ್ಡು ಕಟ್ಟುತ್ತದೆ. ಹುಣಸೆಹಣ್ಣು, ಅಂಟುವಾಳ ಹಚ್ಚಿ ಉಜ್ಜುವುದು ಇನ್ನೂ ಕೆಟ್ಟದ್ದು.

ನಮ್ಮವರ ಗೀಳೇ ಇದು. ವರಾಹ ಸಿಕ್ಕಿತೋ, ಕೊಂಡಿ ಬೆಸೆದು ಕಾಸಿನ ಸರಕ್ಕೆ ಪೋಣಿಸು. ಬೆಸುಗೆ ಅಂಚಿಗೆ ಹರಿದ ಮೇಲೆ ಸಂಗ್ರಾಹಕರು ತೂಕದ ಬೆಲೆಗಿಂತ ಹೆಚ್ಚು ಕೊಡುವುದಿಲ್ಲ. ಬಳೆಯ ಮಜೂರಿ, ವೇಸ್ಟೇಜು ಹೇಗೂ ನಿಮ್ಮ ತಲೆಗೇ. ಅದಕ್ಕೆ ಅಂಗಡಿಯ ಚಿನ್ನವೇ ಆಗಲಿ. ಕರಗಿಸಿಯೇ ಸಿದ್ಧ ಎನ್ನುವುದಾದರೆ, ಮೊದಲು ಮೂಲ ಪೆಟ್ಟಿಗೆ, ಪ್ರಮಾಣಪತ್ರ ಹುಡುಕಿ ತೆಗೆದು ಇಬ್ಬರು ನಾಣ್ಯ ವ್ಯಾಪಾರಿಗಳಿಂದ ಬೆಲೆ ಕೇಳಿ. ಅಕ್ಕಸಾಲಿಗರ ಬಳಿ ಆಮೇಲೆ ಹೋಗಿ.