ಮಣ್ಣಿನ ಇಟ್ಟಿಗೆ ಗಟ್ಟಿ ಇದೆಯಾ? ಮನೆಯಲ್ಲೇ ನೋಡಿ

ಪ್ರಶ್ನೆ: 2018ರ ಮಳೆಯಲ್ಲಿ ನಮ್ಮ ಹಳೇ ಮನೆಯ ಗೋಡೆ ಕುಸಿಯಿತು. ಈಗ ತೋಟದ ಮಣ್ಣಿಗೆ ಸಿಮೆಂಟ್ ಬೆರೆಸಿ, ಕೈಮಷಿನ್‌ನಲ್ಲಿ ಒತ್ತಿ ಇಟ್ಟಿಗೆ ಮಾಡ್ತಿದ್ದೇವೆ. ಗಟ್ಟಿತನ ನೋಡಲು ಕಡಿಮೆ ಖರ್ಚಿನ ಮಷಿನ್ ಮಾಡಬಹುದಾ? ಹಳೇ ಲಾರಿ ಜಾಕ್ ಒಂದಿದೆ.
– ಓದುಗರು, ಮಾದಾಪುರ

ಉತ್ತರ: ಖಂಡಿತ ಮಾಡಬಹುದು. ಆದರೆ ಜಾಕ್ ಬೇಡ. ನಿಮ್ಮ ಇಟ್ಟಿಗೆ 23 ಸೆಂ.ಮೀ. ಉದ್ದ, 19 ಅಗಲ, 10 ದಪ್ಪ ಇರಬಹುದು, ಅಲ್ವಾ? ಚದರ ಸೆಂ.ಮೀ.ಗೆ 30 ಕಿಲೋ ತಡೆಯುತ್ತದಾ ಅಂತ ಅಮುಕಿ ನೋಡಲು 13 ಟನ್ ಭಾರ ಬೇಕು. ಅಷ್ಟನ್ನು ಅಳೆಯಬೇಕೆಂದರೆ ಜಾಕ್‌ಗೆ ತೂತು ಕೊರೆದು ಗೇಜ್ ಕೂರಿಸಬೇಕು, ಒಳಗಿನ ಎಣ್ಣೆ ಚಿಮ್ಮಿದರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ದಯವಿಟ್ಟು ಆ ಸಾಹಸ ಬೇಡ.

ಅಮುಕುವ ಬದಲು ಬಗ್ಗಿಸಿ ಮುರಿಯಿರಿ. 18 ಸೆಂ.ಮೀ. ಅಂತರದಲ್ಲಿ ಎರಡು ಸರಳು ಇಟ್ಟು ಇಟ್ಟಿಗೆಯನ್ನು ಅವುಗಳ ಮೇಲೆ ಮಲಗಿಸಿ, ನಡುವೆ ಮೇಲೊಂದು ಸರಳು ಇಡಿ. ಗುಜರಿಯಲ್ಲಿ ಸಿಗುವ ಕಬ್ಬಿಣದ ಚಾನಲ್ ಸನ್ನೆಕೋಲಾಗುತ್ತದೆ. ಅದರ ಒಂದು ತುದಿಯನ್ನು ಕಂಬಕ್ಕೆ ಬೋಲ್ಟ್ ಹಾಕಿ. ಬೋಲ್ಟ್‌ನಿಂದ 15 ಸೆಂ.ಮೀ. ದೂರದಲ್ಲಿ ಅದು ಮೇಲಿನ ಸರಳನ್ನು ಒತ್ತಬೇಕು, 150 ಸೆಂ.ಮೀ. ದೂರದಲ್ಲಿ ಡ್ರಮ್ ನೇತುಹಾಕಿ ನಿಧಾನವಾಗಿ ನೀರು ಬಿಡಿ. 1 ಲೀಟರ್ ನೀರು ಇಟ್ಟಿಗೆ ಮೇಲೆ 10 ಕಿಲೋ ಭಾರ ಹಾಕುತ್ತದೆ. ಚಾನಲ್‌ನ ಸ್ವಂತ ತೂಕವೂ ಸೇರಬೇಕು: ಖಾಲಿ ಡ್ರಮ್ ಇರುವಾಗಲೇ, ಒತ್ತುವ ಜಾಗದಲ್ಲಿ ಕಾಫಿ ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎತ್ತಿ ನೋಡಿ, ಬಂದ ಕಿಲೋವನ್ನು ಲೆಕ್ಕಕ್ಕೆ ಸೇರಿಸಿ.

ಕಂಬದ ವಿಷಯದಲ್ಲಿ ಹುಷಾರು. ನಾನು ಮೊದಲ ಸಲ ಅದನ್ನು ನೆಲಕ್ಕೆ ಹೂತಿದ್ದೆ. 25 ಲೀಟರ್ ಆಗುವಷ್ಟರಲ್ಲಿ ಇಟ್ಟಿಗೆ ಹಾಗೇ ಇತ್ತು, ಕಂಬವೇ ಒದ್ದೆ ಮಣ್ಣಿನ ಸಮೇತ ಕಿತ್ತು ಬಂತು! ಆ ನೀರು ಕಂಬವನ್ನು ಮೇಲಕ್ಕೆ 225 ಕಿಲೋ ಬಲದಲ್ಲಿ ಎಳೆದಿತ್ತು. ಅದಕ್ಕೇ ಕಂಬವನ್ನೂ ಕೆಳಗಿನ ಸರಳುಗಳನ್ನೂ ತಳದಲ್ಲಿ ಹಾಸಿದ, ಸನ್ನೆಕೋಲಿನಷ್ಟೇ ಉದ್ದದ ಒಂದೇ ಚಾನಲ್‌ಗೆ ಬೆಸುಗೆ ಹಾಕಿಸಿ. ಡ್ರಮ್ ನೆಲದಿಂದ ಒಂದು ಗೇಣು ಮಾತ್ರ ಮೇಲಿರಲಿ, ಕಾಲು ದೂರ ಇರಲಿ.

ನಮ್ಮ ಕೊಡಗಿನ ಮಳೆಗೆ ಒಣ ಇಟ್ಟಿಗೆಯ ಪರೀಕ್ಷೆ ಸಾಲದು. 28 ದಿನ ಹದ ಮಾಡಿದ ಇಟ್ಟಿಗೆಯನ್ನು ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ಮುರಿಯಿರಿ, ಗಟ್ಟಿತನ ಅರ್ಧಕ್ಕೂ ಇಳಿಯಬಹುದು. ನೂರಕ್ಕೆ 5 ಪಾಲು, 8 ಪಾಲು ಸಿಮೆಂಟ್ ಹಾಕಿದ ಇಟ್ಟಿಗೆಗಳನ್ನು ತಲಾ ಆರಾರು ಮುರಿದರೆ ಎಷ್ಟು ಸಿಮೆಂಟ್ ಸಾಕು ಅಂತ ತಿಳಿಯುತ್ತದೆ. ಮುರಿದ ಮುಖವನ್ನೂ ನೋಡಿ. ಕೆಂಪು ಹೆಂಟೆಗಳು ಹಾಗೇ ಉಳಿದಿದ್ದರೆ ಮಣ್ಣು ಸರಿಯಾಗಿ ಜರಡಿ ಹಿಡಿದಿಲ್ಲ, ಸುಮ್ನೆ ಸಿಮೆಂಟ್ ಜಾಸ್ತಿ ಹಾಕಬೇಡಿ.

ಇದು ಹೋಲಿಸಿ ನೋಡಲು ಮಾತ್ರ. ಗೋಡೆ ಎಬ್ಬಿಸುವ ಮುಂಚೆ ಆರಿಸಿದ ಮಿಶ್ರಣದ ಇಟ್ಟಿಗೆಗಳನ್ನು ಅಮುಕಿ ನೋಡಿಸಲು ಪೊನ್ನಂಪೇಟೆ ಅಥವಾ ಕುಶಾಲನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಚಾರಿಸಿ.